ಏಸಿ ಬಂತು, ಸೊನ್ನೆ ಹೋಯ್ತು

ಗೃಹಜ್ಯೋತಿ ಶುರುವಾದಾಗಿಂದ ನಮ್ಮಪ್ಪಂಗೆ ಸೊನ್ನೆ ಬಿಲ್ ಅಂದ್ರೆ ಪ್ರಸಾದ ಇದ್ದಂಗೆ, ಮೀಟರ್ ರೀಡರ್ ಕೈಯಿಂದ ಚೀಟಿ ಇಸ್ಕೊಂಡು ಕಣ್ಣಿಗೊತ್ಕೊಳ್ಳಲ್ಲ ಅಷ್ಟೇ, ಮಿಕ್ಕಿದ್ದೆಲ್ಲ ಮಾಡ್ತಾರೆ. ಬೆಳಿಗ್ಗೆ ವಾಕಿಂಗ್ ಮುಗಿಸಿ ಬಂದೋರು ಮನೆ ಹತ್ತೋಕೂ ಮುಂಚೆ ಮೆಟ್ಟಿಲ ಕೆಳಗಿರೋ ಮೀಟರಿಗೆ ಮೊಬೈಲ್ ಟಾರ್ಚ್ ಬಿಟ್ಟು ರೀಡಿಂಗ್ ನೋಡ್ಕೊಂಡು, ಕ್ಯಾಲೆಂಡರಲ್ಲಿ ಹಾಲಿನ ಲೆಕ್ಕದ ಕೆಳಗೆ ಬರೆದಿಡ್ತಾರೆ. ಮಂಡ್ಯ ಕಡೆ ಸಕ್ಕರೆ ಫ್ಯಾಕ್ಟ್ರಿ ವೇಬ್ರಿಡ್ಜಲ್ಲಿ ಮೂವತ್ತು ವರ್ಷ ಕಬ್ಬಿನ ಗಾಡಿ ತೂಕ ಹಾಕ್ದೋರು, ಅಂಕಿ ಕಂಡ್ರೆ ಸುಮ್ನೆ ಬಿಡೋ ಜನ ಅಲ್ಲ.

ಇಂಥಾ ಮನೆಗೆ ಏಸಿ ತರ್ತೀನಿ ಅಂತ ಬಾಯಿ ಬಿಡೋದು ಹೆಂಗೆ ಹೇಳಿ. ಆದ್ರೆ 2024ರ ಬೇಸಿಗೆ ನೆನಪಿದ್ಯಲ್ಲ, ಏಪ್ರಿಲ್ ಕೊನೆಗೆ ಬೆಂಗಳೂರಲ್ಲಿ 38.5 ಡಿಗ್ರಿ ಮುಟ್ತು, ಮಾರ್ಚಲ್ಲೇ ನಮ್ಮ ಟಾಪ್ ಫ್ಲೋರಿನ ತಾರಸಿ ರಾತ್ರಿ ಹನ್ನೊಂದಕ್ಕೂ ರೊಟ್ಟಿ ಹಂಚಿನ ಥರ ಕಾದಿರ್ತಿತ್ತು. ಅಮ್ಮ ಹಾಲ್ ನೆಲಕ್ಕೆ ನೀರು ಚಿಮುಕಿಸಿ ಬರಿ ನೆಲದ ಮೇಲೆ ಮಲಗೋಕೆ ಶುರು ಮಾಡಿದ್ಮೇಲೆ ನಾನು ಅಂಗಡಿಗೆ ಹೊರಟೆ. ಅಪ್ಪ ಹೇಳಿದ್ದು ಒಂದೇ ಮಾತು. "ಏನಾದ್ರೂ ತಾ, 200 ದಾಟಬಾರ್ದು."

ನಮಗೆ ಸಿಕ್ಕಿರೋದು ಹಿಂದಿನ ಸರಾಸರಿ ಮೇಲೆ ಹತ್ತು ಪರ್ಸೆಂಟ್ ಸೇರಿಸಿ 110 ಯೂನಿಟ್ ಫ್ರೀ. ಅದರ ಮೇಲೆ ಬಳಸಿದ್ರೆ ಹೆಚ್ಚಾದಷ್ಟಕ್ಕೆ ಕಟ್ಟಬೇಕು, 200 ದಾಟಿದ್ರೆ ಪೂರ್ತಿ ಬಿಲ್ ತಲೆ ಮೇಲೆ.

ಅಂಗಡಿ ಹುಡುಗ ಒಂದೂವರೆ ಟನ್ನಿನ ಎರಡು ಏಸಿ ಮುಂದೆ ನಿಲ್ಲಿಸಿ ಸ್ಟಿಕ್ಕರ್ ಮೇಲೆ ಬೆರಳಿಟ್ಟ. "ಸಾರ್ ಇದು ಐಸೀರ್ 5.1, ಅದು 3.9." ಐಸೀರ್ ಅಂದ್ರೇನಪ್ಪ ಅಂದ್ರೆ ಇಂಡಿಯನ್ ಸೀಸನಲ್ ಎನರ್ಜಿ ಎಫಿಷಿಯೆನ್ಸಿ ರೇಶಿಯೋ ಅಂತ ಒಂದೇ ಉಸಿರಲ್ಲಿ ಹೇಳ್ದ. ಅಂದ್ರೆ ಇಡೀ ಸೀಸನಲ್ಲಿ ರೂಮಿಂದ ಹೊರಗೆ ತಳ್ಳಿದ ಶಾಖನ ತಿಂದ ಕರೆಂಟಿಂದ ಭಾಗಿಸಿದ್ದು, ಒಂದು ಯೂನಿಟ್ ತಿಂದು ಐದು ಯೂನಿಟ್ ಶಾಖ ಹೊರಗೆ ಹಾಕಿದ್ರೆ ಐದು. ಸೀಸನ್ ಅನ್ನೋ ಮಾತು ಆಗ ನನ್ನ ಕಿವಿಗೂ ಬಿತ್ತು, ಆದ್ರೆ ಯುಗಾದಿ ಹತ್ರ ಇತ್ತಲ್ಲ, ಯಾವುದೋ ಸೀಸನ್ ಆಫರ್ ಅನ್ಕೊಂಡು ಬಿಟ್ಟೆ.

2022ರ ಜುಲೈಯಿಂದ ಶುರುವಾಗಿ ಆಗ ಚಾಲ್ತೀಲಿದ್ದ ಲೆಕ್ಕದಲ್ಲಿ ಸ್ಪ್ಲಿಟ್ ಏಸಿಗೆ ಈ ನಂಬರ್ 5 ಮುಟ್ಟಿದ್ರೆ ಫೈವ್ ಸ್ಟಾರು, 3.8 ಇದ್ರೆ ತ್ರೀ ಸ್ಟಾರು. ಅದಕ್ಕೂ ಮುಂಚೆ 4.5ಕ್ಕೇ ಫೈವ್ ಸ್ಟಾರ್ ಕೊಡ್ತಿದ್ರಂತೆ. ಇದನ್ನ ಕೇಳ್ಕೊಂಡು ಬಂದು, 2020ರಲ್ಲಿ 4.6ರ ಏಸಿ ತಗೊಂಡಿದ್ದ ಪಕ್ಕದ್ಮನೆ ಅಂಕಲ್ಲಿಗೆ "ನಿಮ್ದು ಈಗ ಫೋರ್ ಸ್ಟಾರ್ ಆಗೋಯ್ತು ಅಂಕಲ್" ಅಂತ ಹೇಳ್ಬಿಟ್ಟೆ. ಆ ವರ್ಷ ಅವರ ಮನೆಯಿಂದ ರಾಮನವಮಿ ಕೋಸಂಬರಿ ಬರ್ಲಿಲ್ಲ.

ಇರ್ಲಿ. ಆ ಸ್ಟಿಕ್ಕರ್ ಮೇಲೆ ಇನ್ನೊಂದು ಅಂಕಿ ಇತ್ತು, ವರ್ಷಕ್ಕೆ 750 ಯೂನಿಟ್, ತ್ರೀ ಸ್ಟಾರಿಂದು 970. ನಾನು ಅಲ್ಲೇ ಮೊಬೈಲ್ ತೆಗೆದು 750ನ ಹನ್ನೆರಡರಿಂದ ಭಾಗಿಸ್ದೆ, ತಿಂಗಳಿಗೆ 62, ನಮ್ಮ ಮಾಮೂಲಿ 110ಕ್ಕೆ ಸೇರಿಸಿದ್ರೆ 172, ಅಪ್ಪನ ಗೆರೆ ದಾಟಲ್ಲ ಅಂತ ಖುಷಿಯಾಗಿ ಒಂಬತ್ತು ಸಾವಿರ ಜಾಸ್ತಿ ಕೊಟ್ಟು ಫೈವ್ ಸ್ಟಾರ್ ತಂದೆ.

ಏಪ್ರಿಲ್ ಪೂರ್ತಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ ನಾಲ್ಕೂ ಜನ ಒಂದೇ ರೂಮಲ್ಲಿ, ಮದುವೆ ಛತ್ರದಲ್ಲಿ ಮಲಗಿದಂಗೆ ಸಾಲಾಗಿ. 18ಕ್ಕೆ ಇಡೋಕೆ ನಾನು ಬಿಡ್ಲಿಲ್ಲ, 24ರಲ್ಲೇ ಓಡ್ತು, ಅಮ್ಮ ಅದಕ್ಕೇ ಕಂಬಳಿ ಹುಡುಕಿದ್ರು. ಅಪ್ಪನ ಕ್ಯಾಲೆಂಡರಲ್ಲಿ ದಿನಕ್ಕೆ ಮೂರೂವರೆ ಯೂನಿಟ್ ಇದ್ದಿದ್ದು ಏಳೂವರೆ ಆಯ್ತು. ಅವರು ಏನೂ ಅನ್ಲಿಲ್ಲ, ಪೆನ್ನನ್ನ ಮಾತ್ರ ನೀಲಿಯಿಂದ ಕೆಂಪಿಗೆ ಬದಲಾಯಿಸಿದ್ರು.

ಬಿಲ್ ಬಂತು. 223 ಯೂನಿಟ್. ಯೂನಿಟ್ಟಿಗೆ ಆರು ರೂಪಾಯಿ ಹತ್ರಹತ್ರ, ಜೊತೆಗೆ ಫಿಕ್ಸೆಡ್ ಚಾರ್ಜು, ಟ್ಯಾಕ್ಸು, ಎಲ್ಲಾ ಸೇರಿ ಸಾವಿರದ ಎಂಟುನೂರು ಚಿಲ್ಲರೆ. ಅಪ್ಪ ಚೀಟಿನ ಎರಡು ಸಲ ಮಗುಚಿ ನೋಡಿ ನನ್ನ ಮುಂದೆ ಇಟ್ರು. ನಾನು ಏಸಿ ಕೆಟ್ಟಿದೆ, ಸ್ಟಿಕ್ಕರ್ ಸುಳ್ಳು, ಮೀಟರ್ ಜೋರಾಗಿ ಓಡ್ತಿದೆ ಅಂತೆಲ್ಲ ಕೂಗಾಡಿ, ಕೊನೆಗೆ ಕೂತ್ಕೊಂಡು ಹುಡುಕಿದ್ರೆ ಆ 750 ಅನ್ನೋದು ವರ್ಷಕ್ಕೆ 1600 ಗಂಟೆ ಓಡಿಸಿದ್ರೆ ಅನ್ನೋ ಲೆಕ್ಕ. ಗಂಟೆಗೆ ಅರ್ಧ ಯೂನಿಟ್ಟಿಗಿಂತ ಸ್ವಲ್ಪ ಕಮ್ಮಿ. ನಾವು ಒಂದು ತಿಂಗಳಲ್ಲೇ 240 ಗಂಟೆ ಓಡಿಸಿದ್ವಿ, ಅಲ್ಲಿಗೆ 112. ಸ್ಟಿಕ್ಕರ್ ನಿಜಾನೇ ಹೇಳಿತ್ತು, ಹನ್ನೆರಡರಿಂದ ಭಾಗಿಸು ಅಂತ ಅದು ಹೇಳಿರ್ಲಿಲ್ಲ.

"ಕಬ್ಬು ವರ್ಷವೆಲ್ಲ ಒಂದೇ ಸಮ ಬರುತ್ತೇನೋ?" ಅಂದ್ರು ಅಪ್ಪ. "ಸೀಸನಲ್ಲಿ ಬರೋ ಕಬ್ಬನ್ನ ಹನ್ನೆರಡರಿಂದ ಭಾಗಿಸ್ಕೊಂಡು ಗೇಟಲ್ಲಿ ಕೂತಿದ್ರೆ ಗಾಡಿ ಸಾಲು ಮದ್ದೂರು ತನಕ ನಿಂತಿರೋದು ಕಣೋ."

ಅಷ್ಟಕ್ಕೇ ಬಿಟ್ಟಿದ್ರೆ ಚೆನ್ನಾಗಿತ್ತು. ಕನ್ನಡಕ ಒರೆಸ್ಕೊಂಡು ಇನ್ನೊಂದು ಲೆಕ್ಕಕ್ಕೆ ಕೈ ಹಾಕಿದ್ರು. ನಾವು ಏಸಿ ಹಾಕೋದು ವರ್ಷಕ್ಕೆ ಎರಡು ತಿಂಗಳು, 480 ಗಂಟೆ. ಅಷ್ಟರಲ್ಲಿ ತ್ರೀ ಸ್ಟಾರಿಗೂ ಇದಕ್ಕೂ ವ್ಯತ್ಯಾಸ 66 ಯೂನಿಟ್, ದುಡ್ಡಲ್ಲಿ 390 ರೂಪಾಯಿ. ನಾನು ಜಾಸ್ತಿ ಕೊಟ್ಟ ಒಂಬತ್ತು ಸಾವಿರ ವಾಪಸ್ ಬರೋಕೆ 23 ವರ್ಷ. "ನಂಗೀಗ 72. ಅಲ್ಲಿಗೆ 95. ಇರ್ಲಿ, ಕಾಯ್ತೀನಿ" ಅಂದ್ರು.

ಇದು ಗೊತ್ತಾಗಿ ರಾಯಚೂರಿಂದ ಅಕ್ಕ ಫೋನ್ ಮಾಡಿದ್ಲು. ಭಾವಂಗೆ ಅಲ್ಲಿ ಕೆಲಸ, ಮಾರ್ಚಿಂದ ಜೂನ್ ತನಕ ಹಗಲೂ ರಾತ್ರಿ ಏಸಿ ಬೇಕು, 1600 ಗಂಟೆ ಆರಾಮಾಗಿ ಆಗುತ್ತೆ. ಅಂಥಾ ಊರಲ್ಲಿ ಆ ಒಂಬತ್ತು ಸಾವಿರ ಏಳು ವರ್ಷಕ್ಕೆ ವಾಪಸ್ ಬರ್ತಿತ್ತು, ಅವರು ತಗೊಂಡಿರೋದು ದುಡ್ಡು ಉಳೀಲಿ ಅಂತ ತ್ರೀ ಸ್ಟಾರು. "ನಿಂದು ನಮಗೆ ಕಳ್ಸಿ ನಮ್ದು ನೀನಿಟ್ಕೋ" ಅಂತ ನಕ್ಕಳು ಅವಳು. ನಾನೂ ನಕ್ಕೆ. ಫೋನಿಟ್ಟು ತಿರುಗಿ ನೋಡಿದ್ರೆ ಅಪ್ಪ ಹಳೇ ತಿಂಗಳ ಕ್ಯಾಲೆಂಡರ್ ಹಾಳೆ ಹರಿದು ಅದರ ಬೆನ್ನ ಮೇಲೆ ಬೆಂಗಳೂರಿಂದ ರಾಯಚೂರಿಗೆ ಲಾರಿ ಬಾಡಿಗೆ ಎಷ್ಟಾಗುತ್ತೆ ಅಂತ ಬರೀತಿದ್ರು.