ಬ್ಯಾಂಕಿಗೆ ಬಿದ್ದ ದಂಡವನ್ನು ಎಂ.ಡಿ. ಹೆಸರಿಗೆ ಬರೆಯಬೇಡಿ

ಮೈಸೂರು, ಮಂಡ್ಯ ಕಡೆಯವರೊಬ್ಬರು ಬ್ಯಾಂಕಿಗೆ ಎಂ.ಡಿ. (ವ್ಯವಸ್ಥಾಪಕ ನಿರ್ದೇಶಕ) ಆದರು ಅಂತ ಸುದ್ದಿ ಬಂದರೆ ಸಾಕು, ಯಾರಾದರೂ ಅಭಿಮಾನದಿಂದ ವಿಕಿಪೀಡಿಯದಲ್ಲಿ ಒಂದು ಪುಟ ಶುರು ಮಾಡುತ್ತಾರೆ. ಓದಿದರೆ ಸನ್ಮಾನದ ಬಿನ್ನವತ್ತಳೆ ಓದಿದ ಹಾಗಿರುತ್ತದೆ. 'ದೂರದೃಷ್ಟಿಯ ನಾಯಕ', 'ಬ್ಯಾಂಕನ್ನು ಹೊಸ ಎತ್ತರಕ್ಕೆ ಒಯ್ದ ಧೀಮಂತ'. ಮುಂದೆ ಅದೇ ಬ್ಯಾಂಕಿನಲ್ಲಿ ದೊಡ್ಡದೊಂದು ಸಾಲ ಕೆಟ್ಟಿತು ಅನ್ನಿ, ಅದೇ ಪುಟ ಆರೋಪಪಟ್ಟಿಯಾಗುತ್ತದೆ. ಹೊಗಳಿದವರೂ ಬೈದವರೂ ಮಾಡುವ ತಪ್ಪು ಒಂದೇ: ಸಂಸ್ಥೆಯ ಲೆಕ್ಕವನ್ನು ವ್ಯಕ್ತಿಯ ಖಾತೆಗೆ ಬರೆಯುವುದು.

ದಂಡದ ವಿಷಯವನ್ನೇ ತೆಗೆದುಕೊಳ್ಳಿ. ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 47ಎ ಸೆಕ್ಷನ್ ಪ್ರಕಾರ ರಿಸರ್ವ್ ಬ್ಯಾಂಕ್ ದಂಡ ಹಾಕಿದಾಗ ಸಾಮಾನ್ಯವಾಗಿ ಅದು ಬೀಳುವುದು ಬ್ಯಾಂಕಿನ ಮೇಲೆ. ಪ್ರಕಟಣೆಯನ್ನು ಕೊನೆಯವರೆಗೆ ಓದಿ: ತಪಾಸಣೆ ಯಾವ ವರ್ಷದ ಮಾರ್ಚ್ 31ರ ಸ್ಥಿತಿಯ ಮೇಲೆ ನಡೆದಿದ್ದು ಅಂತ ಬಹಳಷ್ಟು ಸಲ ಅಲ್ಲೇ ಇರುತ್ತದೆ. ತಪಾಸಣೆ, ನೋಟಿಸು, ಬ್ಯಾಂಕಿನ ಉತ್ತರ, ವಿಚಾರಣೆ ಎಲ್ಲ ಮುಗಿದು ಆದೇಶ ಬರುವಷ್ಟರಲ್ಲಿ ಕುರ್ಚಿಯಲ್ಲಿ ಬೇರೆಯವರು ಕೂತಿರಬಹುದು. 'ಇವರ ಅವಧಿಯಲ್ಲಿ ಬ್ಯಾಂಕಿಗೆ ದಂಡ ಬಿತ್ತು' ಅನ್ನುವ ವಾಕ್ಯ ತಾರೀಖಿನ ಪ್ರಕಾರ ಸರಿ, ಆದರೆ ಓದುಗರಿಗೆ ಹೇಳುವುದು ಸುಳ್ಳು. ನನ್ನ ಪ್ರಕಾರ ಆ ಸಂಗತಿಗೆ ಜಾಗ ಬ್ಯಾಂಕಿನ ಪುಟದಲ್ಲಿ. ಆ ವ್ಯಕ್ತಿಯ ನಿರ್ಧಾರವೇ ಕಾರಣ ಎಂದು ನಂಬಬಹುದಾದ ಪತ್ರಿಕೆ ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ಅವರ ಪುಟಕ್ಕೆ ತನ್ನಿ. ಲಾಭಕ್ಕೂ ಇದೇ ನಿಯಮ. ಬ್ಯಾಂಕಿನ ಲಾಭ ದುಪ್ಪಟ್ಟಾಗಿದ್ದಕ್ಕೆ ಬಡ್ಡಿದರ, ಹಳೆಯ ಸಾಲದ ವಸೂಲಿ, ಸರ್ಕಾರ ಹಾಕಿದ ಬಂಡವಾಳ, ಹತ್ತು ಕಾರಣ ಇರುತ್ತವೆ.

ಕೇಸಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ದೂರು, ಎಫ್‌ಐಆರ್, ಬಂಧನ, ದೋಷಾರೋಪ ಪಟ್ಟಿ, ನ್ಯಾಯಾಲಯ ಆರೋಪ ನಿಗದಿ ಮಾಡುವುದು, ತೀರ್ಪು, ಮೇಲ್ಮನವಿ, ಇವು ಬೇರೆ ಬೇರೆ ಮೆಟ್ಟಿಲುಗಳು. ಎಫ್‌ಐಆರ್ ಆದವರನ್ನು 'ವಂಚನೆ ಪ್ರಕರಣದ ಅಪರಾಧಿ' ಅಂತ ಬರೆದುಬಿಡುತ್ತಾರೆ. ಆರೋಪಿ ಬೇರೆ, ಅಪರಾಧಿ ಬೇರೆ. ಕನ್ನಡದಲ್ಲಿ ಎರಡು ಪದ ಇರುವುದೇ ಅದಕ್ಕೆ. ಯಾವ ಸಂಸ್ಥೆ, ಯಾವ ದಿನ, ಯಾವ ಹಂತ ಅಂತ ಬರೆದು, ಅವರು ಆರೋಪ ನಿರಾಕರಿಸಿದ್ದರೆ ಅದನ್ನೂ ಪಕ್ಕದಲ್ಲೇ ಬರೆಯಿರಿ. ಆರೋಪ ಪುಟದ ಮೊದಲ ಪ್ಯಾರಾದಲ್ಲಿದ್ದರೆ, ಕೇಸು ರದ್ದಾದ ಸುದ್ದಿಯೂ ಮೊದಲ ಪ್ಯಾರಾದಲ್ಲೇ ಇರಬೇಕು, ಕೊನೆಯ ಸಾಲಿನಲ್ಲಲ್ಲ. ಕೋರ್ಟ್ ದಾಖಲೆಯನ್ನು ನೀವೇ ಓದಿ ತಾತ್ಪರ್ಯ ಬರೆಯಬೇಡಿ. ಬದುಕಿರುವವರ ಬಗ್ಗೆ ಹಾಗೆ ಮಾಡಬಾರದು ಅಂತ ಇಂಗ್ಲಿಷ್ ವಿಕಿಪೀಡಿಯದ ನಿಯಮವೇ ಇದೆ. ಹಾಗೆಯೇ, ಹಲವು ಪತ್ರಿಕೆಗಳು ಆಧಾರಸಹಿತ ಬರೆದ ಟೀಕೆಯನ್ನು ನಮ್ಮೂರಿನವರು ಅನ್ನುವ ಕಾರಣಕ್ಕೆ ಅಳಿಸುವುದೂ ಅನ್ಯಾಯವೇ.

ಸಂಸ್ಥೆಯ, ಹುದ್ದೆಯ ಹೆಸರಿನಲ್ಲಿ ನಮ್ಮವರು ಎಡವುವುದು ಜಾಸ್ತಿ. ಮೈಸೂರು ಬ್ಯಾಂಕನ್ನೇ ನೋಡಿ. ಶುರುವಾಗಿದ್ದು 1913ರಲ್ಲಿ, ಬ್ಯಾಂಕ್ ಆಫ್ ಮೈಸೂರು ಅಂತ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು (ಎಸ್‌ಬಿಎಂ) ಆಗಿದ್ದು 1960ರಲ್ಲಿ. 2017ರ ಏಪ್ರಿಲ್ 1ರಂದು ಎಸ್‌ಬಿಐನಲ್ಲಿ ವಿಲೀನವಾಯಿತು. 1958ರಲ್ಲಿ ಕೆಲಸಕ್ಕೆ ಸೇರಿದವರು 'ಎಸ್‌ಬಿಎಂ ಸೇರಿದರು' ಅಂತ ಬರೆಯುವುದು ತಪ್ಪು, 'ಎಸ್‌ಬಿಐ ಸೇರಿದರು' ಅನ್ನುವುದು ಇನ್ನೂ ದೊಡ್ಡ ತಪ್ಪು. ಕೇಂದ್ರ ಕಚೇರಿ ಇದ್ದದ್ದು ಬೆಂಗಳೂರಿನ ಕೆಂಪೇಗೌಡ ರಸ್ತೆಯಲ್ಲಿ. ಹೆಸರು ನೋಡಿ ಮೈಸೂರಿಗೆ ತರಬೇಡಿ. ಎಸ್‌ಬಿಎಂನ ದಿನದ ಆಡಳಿತ ನಡೆಸುತ್ತಿದ್ದವರು ಎಂ.ಡಿ., ಅಧ್ಯಕ್ಷರಾಗಿ ಇರುತ್ತಿದ್ದವರು ಎಸ್‌ಬಿಐ ಅಧ್ಯಕ್ಷರು. ಹಾಗಾಗಿ ಎಂ.ಡಿ. ಆಗಿದ್ದವರನ್ನು ಗೌರವಕ್ಕೆ 'ಅಧ್ಯಕ್ಷರು' ಅಂದರೆ ಅದು ದಾಖಲೆಯಲ್ಲಿ ಸುಳ್ಳಾಗುತ್ತದೆ. ಮಂಗಳೂರಿನ ಕೆ.ವಿ. ಕಾಮತ್ ಅವರು 1996ರಲ್ಲಿ ಮುಖ್ಯಸ್ಥರಾಗಿದ್ದು ಐಸಿಐಸಿಐ ಬ್ಯಾಂಕಿಗಲ್ಲ, ಐಸಿಐಸಿಐ ಲಿಮಿಟೆಡ್‌ಗೆ. ಆ ಸಂಸ್ಥೆ ಐಸಿಐಸಿಐ ಬ್ಯಾಂಕಿನೊಳಗೆ ಸೇರಿದ್ದು 2002ರಲ್ಲಿ. ಆಯಾ ವರ್ಷಕ್ಕೆ ಯಾವ ಹೆಸರಿತ್ತೋ ಅದನ್ನೇ ಬರೆಯಿರಿ.

ತಾರೀಖೂ ಹಾಗೆಯೇ. ಖಾಸಗಿ ಬ್ಯಾಂಕಿನಲ್ಲಿ ಆಡಳಿತ ಮಂಡಳಿ ಹೆಸರು ಒಪ್ಪುವ ದಿನ, ರಿಸರ್ವ್ ಬ್ಯಾಂಕ್ ಅನುಮತಿ ಕೊಡುವ ದಿನ, ಅಧಿಕಾರ ವಹಿಸಿಕೊಳ್ಳುವ ದಿನ ಬೇರೆ ಬೇರೆ. ಪುಟಕ್ಕೆ ಬೇಕಾದ್ದು ಮೂರನೆಯದು. ಅದು ಷೇರು ವಿನಿಮಯ ಕೇಂದ್ರಕ್ಕೆ ಬ್ಯಾಂಕ್ ಕೊಡುವ ಮಾಹಿತಿಯಲ್ಲಿ ಸಿಗುತ್ತದೆ. 'ಪ್ರಸ್ತುತ' ಅನ್ನುವ ಪದ ಬೇಡ. ಯಾವ ವರ್ಷದ ಯಾವ ತಿಂಗಳಿನಿಂದ ಅಂತ ಬರೆದರೆ ಪುಟ ಹಳತಾದರೂ ಸುಳ್ಳಾಗುವುದಿಲ್ಲ.

ಅನುವಾದದಲ್ಲಿ ಕೆಡುವುದು ಸೊನ್ನೆ. ಒಂದು ಬಿಲಿಯನ್ ಅಂದರೆ 100 ಕೋಟಿ. 25 ಬಿಲಿಯನ್ ರೂಪಾಯಿ 2,500 ಕೋಟಿಯಾಗಬೇಕು, 25 ಕೋಟಿಯಲ್ಲ. 'ಒಟ್ಟು ವ್ಯವಹಾರ' ಅಂದರೆ ಠೇವಣಿ ಮತ್ತು ಸಾಲ ಕೂಡಿಸಿದ ಮೊತ್ತ, ಅದು ಆದಾಯವೂ ಅಲ್ಲ, ಲಾಭವೂ ಅಲ್ಲ. ಕೈಗೆ ಬಂದ ಸಂಬಳಕ್ಕೂ ಮಂಜೂರಾದ ಷೇರು ಆಯ್ಕೆಗಳ (ಗೊತ್ತುಮಾಡಿದ ಬೆಲೆಗೆ ಮುಂದೆ ಷೇರು ಕೊಳ್ಳುವ ಹಕ್ಕು) ಮೌಲ್ಯಕ್ಕೂ ವ್ಯತ್ಯಾಸ ಇದೆ, ಎರಡನ್ನೂ ಕೂಡಿಸಿ 'ವರ್ಷಕ್ಕೆ ಇಷ್ಟು ಸಂಬಳ' ಅನ್ನಬೇಡಿ. ಹುಟ್ಟೂರಿನದ್ದೊಂದು ಸಣ್ಣ ಮಾತು: ಮಂಡ್ಯ ಜಿಲ್ಲೆಯಾಗಿದ್ದು 1939ರಲ್ಲಿ. 1935ರಲ್ಲಿ ನಾಗಮಂಗಲದಲ್ಲಿ ಹುಟ್ಟಿದವರಿಗೆ ಜಿಲ್ಲೆ ಮೈಸೂರು, 'ಈಗಿನ ಮಂಡ್ಯ ಜಿಲ್ಲೆ' ಅಂತ ಸೇರಿಸಿ. ಮನೆ ಯಾವ ಬಡಾವಣೆಯಲ್ಲಿದೆ, ಮಕ್ಕಳ ಹೆಸರೇನು ಅನ್ನುವುದು ಬೇಡವೇ ಬೇಡ.

ಇನ್ನು ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದ ಹಿರಿಯರಿಗೆ. ಇಂಥ ತಪ್ಪು ಹಿಡಿಯಲು ನಿಮ್ಮಷ್ಟು ತಿಳಿದವರಿಲ್ಲ. ಆದರೆ ನಿಮ್ಮ ಹಳೆಯ ಸಾಹೇಬರ ಪುಟವನ್ನು ನೀವೇ ತಿದ್ದಬೇಡಿ. ಪುಟದ ಮೇಲಿರುವ 'ಚರ್ಚೆ' ಒತ್ತಿ, ಅವರ ಜೊತೆ ಕೆಲಸ ಮಾಡಿದ್ದೆ ಅಂತ ಮೊದಲು ತಿಳಿಸಿ, ಯಾವ ಸಾಲು ತಪ್ಪು, ಅದರ ಬದಲು ಏನಿರಬೇಕು, ಆಧಾರ ಯಾವುದು, ಮೂರನ್ನೂ ಬರೆಯಿರಿ. ವಾರವಾದರೂ ಯಾರೂ ನೋಡದಿದ್ದರೆ ಕನ್ನಡ ವಿಕಿಪೀಡಿಯದ ಸಂಪಾದಕರೆಲ್ಲ ಮಾತಾಡುವ 'ಅರಳಿ ಕಟ್ಟೆ' ಪುಟದಲ್ಲಿ ಕೇಳಿ. ಸಂಬಳ ಪಡೆದು ತಿದ್ದುವವರು ಅದನ್ನು ಬಹಿರಂಗಪಡಿಸಲೇಬೇಕು, 2014ರಿಂದ ಅದು ವಿಕಿಪೀಡಿಯ ನಡೆಸುವ ವಿಕಿಮೀಡಿಯ ಸಂಸ್ಥೆಯ ಬಳಕೆಯ ಷರತ್ತು. ಆಧಾರವೇ ಇಲ್ಲದೆ ಮಾನ ಕಳೆಯುವ ಸಾಲಿದ್ದರೆ ಮಾತ್ರ ಕಾಯಬೇಡಿ, ತಕ್ಷಣ ತೆಗೆಯಿರಿ. 2005ರಲ್ಲಿ ಅಮೆರಿಕದ ಪತ್ರಕರ್ತ ಜಾನ್ ಸೀಗನ್‌ಥಾಲರ್ ಮೇಲೆ ಕೊಲೆಯ ಸಂಶಯ ಹೊರಿಸಿದ ಹಸಿ ಸುಳ್ಳು ಇಂಗ್ಲಿಷ್ ವಿಕಿಪೀಡಿಯದಲ್ಲೇ ನಾಲ್ಕು ತಿಂಗಳು ಉಳಿದಿತ್ತು. ಕನ್ನಡದಲ್ಲಿ ಕಾಯುವ ಕಣ್ಣುಗಳು ಇನ್ನೂ ಕಡಿಮೆ.

'ನನಗೆ ಗೊತ್ತು' ಅನ್ನುವುದು ಆಧಾರವಾಗುವುದಿಲ್ಲ, ಅಚ್ಚಾದ ಕಾಗದ ಬೇಕು. ಇಂಟರ್‌ನೆಟ್ಟಿನಲ್ಲೇ ಇರಬೇಕೆಂದಿಲ್ಲ: ಪತ್ರಿಕೆಯಾದರೆ ಹೆಸರು, ತಲೆಬರಹ, ತಾರೀಖು, ಪುಟ ಸಂಖ್ಯೆ ಕೊಟ್ಟರೆ ಸಾಕು. ವಿಲೀನವಾದ ಬ್ಯಾಂಕುಗಳ ಹಳೆಯ ಕೊಂಡಿಗಳು ತೆರೆಯದಿರುವುದೇ ಹೆಚ್ಚು. ಆದ್ದರಿಂದ ಮನೆಯ ಅಟ್ಟದ ಮೇಲೆ 2017ಕ್ಕೆ ಮುಂಚಿನ ವಾರ್ಷಿಕ ವರದಿಗಳಿದ್ದರೆ ಹಳೇ ಪೇಪರಿನವನಿಗೆ ಹಾಕುವ ಮುಂಚೆ ನಿರ್ದೇಶಕರ ಪಟ್ಟಿ ಇರುವ ಪುಟ ತೆರೆಯಿರಿ. ವರ್ಷ, ಪುಟ ಸಂಖ್ಯೆ, ಅಲ್ಲಿರುವ ಹೆಸರಿನ ಮುಂದಿನ ಹುದ್ದೆ, ಇಷ್ಟನ್ನು ಇದ್ದದ್ದು ಇದ್ದ ಹಾಗೆ ಚರ್ಚೆಪುಟದಲ್ಲಿ ಬರೆದಿಡಿ.