ಎರಡು ಕಡ್ಡಿ ಟವರು

ಬಸಳೆ ಕಟ್ಟಿಗೆ 40 ರೂಪಾಯಿ. ಕೋಡ್ ಸ್ಕ್ಯಾನ್ ಆಗಿದೆ, ಪಿನ್ ಒತ್ತಿಯಾಗಿದೆ, ಈಗ ಪರದೆಯ ನಡುವೆ ಒಂದು ಚಕ್ರ ಸುತ್ತುತ್ತಿದೆ. ಶಿರಸಿ ಪೇಟೆಯ ತರಕಾರಿ ಅಂಗಡಿ, ಸಂಜೆಯ ಗಡಿಬಿಡಿ, ಬೆನ್ನ ಹಿಂದೆ ನಾಲ್ಕು ಜನ. ಗಿರಾಕಿ ಫೋನನ್ನು ಎಡಕ್ಕೆ ವಾಲಿಸುತ್ತಾನೆ, ಬಲಕ್ಕೆ ವಾಲಿಸುತ್ತಾನೆ, ಕೊನೆಗೆ ತಲೆಯ ಮೇಲಕ್ಕೆ ಎತ್ತಿ ಹಿಡಿಯುತ್ತಾನೆ. ಅಂಗಡಿಯವ ಬಸಳೆಯನ್ನು ಕೊಟ್ಟೂ ಇಲ್ಲ, ಬಿಟ್ಟೂ ಇಲ್ಲ. ಕಟ್ಟಿನ ಬುಡ ಅವನ ಕೈಯಲ್ಲಿ, ಕುಡಿ ಇವನ ಕೈಯಲ್ಲಿ. ಸೌಂಡ್‌ಬಾಕ್ಸ್ ಬಾಯಿಬಿಡುವ ತನಕ ಬಸಳೆ ಇಬ್ಬರದ್ದೂ ಹೌದು.

ಇಂಥ ಹೊತ್ತಿನಲ್ಲಿ ಎಲ್ಲರಿಗೂ ಬೇಕಾದದ್ದು ಒಂದೇ ಮಾಹಿತಿ: ಇನ್ನೆಷ್ಟು ಹೊತ್ತು ಕಾಯಬೇಕು? ಯಾವಾಗ ಕಾದದ್ದು ಸಾಕು ಎಂದು ಆ್ಯಪನ್ನು ಮುಚ್ಚಬಹುದು? ಇದಕ್ಕೆ ಉತ್ತರ ಇದೆ, ಸೆಕೆಂಡಿನ ಲೆಕ್ಕದಲ್ಲೇ ಇದೆ. ಹೇಳೋಣ. ಆದರೆ ಅದಕ್ಕೆ ಮೊದಲು ಆ ಚಕ್ರದ ಬಗ್ಗೆ ಎರಡು ಮಾತು ಆಡದೆ ಇರಲಾಗದು, ಏಕೆಂದರೆ ಫೋನಿನೊಳಗೆ ಅದರಷ್ಟು ಶುದ್ಧ ಅಜ್ಞಾನಿ ಇನ್ನೊಂದಿಲ್ಲ.

ಚಕ್ರಕ್ಕೆ ಏನೂ ಗೊತ್ತಿರುವುದಿಲ್ಲ. ಆಂಡ್ರಾಯ್ಡ್‌ನಲ್ಲಿ ಪರದೆಯ ಮೇಲೆ ಚಿತ್ರ ಬರೆಯುವ ಥ್ರೆಡ್ (ಆ್ಯಪಿನೊಳಗೆ ಒಂದು ಕೆಲಸ ನಡೆಸುವ ಎಳೆ) ಒಂದು, ಸರ್ವರಿನ ಜತೆ ಮಾತಾಡುವ ಥ್ರೆಡ್ ಇನ್ನೊಂದು. ಮಾತಾಡುವವ ದಾರಿಯಲ್ಲೇ ಸತ್ತರೂ ಚಿತ್ರ ಬರೆಯುವವನಿಗೆ ಸುದ್ದಿ ಮುಟ್ಟುವುದಿಲ್ಲ. ‘ಸತ್ತರೆ ಚಕ್ರ ನಿಲ್ಲಿಸು’ ಎಂದು ಯಾರಾದರೂ ನೆನಪಿಟ್ಟು ಬರೆದಿದ್ದರೆ ಮಾತ್ರ ನಿಲ್ಲುತ್ತದೆ. ಮೊದಲು ಎರಡೂ ಕೆಲಸವನ್ನು ಒಂದೇ ಥ್ರೆಡ್‌ಗೆ ಕಟ್ಟುವ ಸೋಮಾರಿಗಳಿದ್ದರು. ಆಗ ನೆಟ್ ನಿಂತರೆ ಇಡೀ ಪರದೆ ಕಲ್ಲಾಗುತ್ತಿತ್ತು, ಮುಟ್ಟಿ 5 ಸೆಕೆಂಡ್ ಆದರೂ ಮಿಸುಕದಿದ್ದರೆ ಆಂಡ್ರಾಯ್ಡೇ ಬಂದು ‘ಈ ಆ್ಯಪ್ ಸ್ಪಂದಿಸುತ್ತಿಲ್ಲ, ಮುಚ್ಚಲೇ, ಕಾಯಲೇ’ ಎಂದು ಕೇಳುತ್ತಿತ್ತು. ಅದರಲ್ಲೊಂದು ಪ್ರಾಮಾಣಿಕತೆ ಇತ್ತು. 2011ರ ಆಂಡ್ರಾಯ್ಡ್ 3.0ರಿಂದ, ಚಿತ್ರ ಬರೆಯುವ ಮುಖ್ಯ ಥ್ರೆಡ್‌ನಲ್ಲಿ ನೆಟ್‌ವರ್ಕ್ ಕೆಲಸಕ್ಕೆ ಹೊರಟ ಆ್ಯಪ್ ಅಲ್ಲೇ ಎರರ್ ಕೊಟ್ಟು ಬೀಳುವಂತೆ ಮಾಡಿದರು. ತಾಂತ್ರಿಕವಾಗಿ ಸರಿಯಾದ ನಿರ್ಧಾರವೇ. ಆದರೆ ಈಗ ಚಕ್ರ ಅಡೆತಡೆಯಿಲ್ಲದೆ, ನುಣ್ಣಗೆ, ಸುಳ್ಳು ಸುಳ್ಳೇ ಸುತ್ತುತ್ತದೆ. ಸಾಹೇಬರು ರಜೆಯ ಮೇಲೆ ಊರಿಗೆ ಹೋಗಿದ್ದರೂ ‘ಈಗ ಬಂದ್ರು, ಕೂತ್ಕಳ್ಳಿ’ ಎನ್ನುವ ಕಚೇರಿಯ ಗುಮಾಸ್ತನ ಹಾಗೆ.

ಇನ್ನು ಸೆಕೆಂಡಿನ ಲೆಕ್ಕ. ಆಂಡ್ರಾಯ್ಡ್ ಆ್ಯಪ್‌ಗಳಲ್ಲಿ ಬಹಳ ಬಳಕೆಯಲ್ಲಿರುವ ಓಕೆಎಚ್‌ಟಿಟಿಪಿ ಎಂಬ ಲೈಬ್ರರಿಯಲ್ಲಿ (ಸರ್ವರಿನ ಜತೆ ಮಾತಾಡಲು ಬರೆದಿಟ್ಟ ಸಿದ್ಧ ಕೋಡ್), ಯಾರೂ ಕೈಹಾಕಿ ಬದಲಿಸದಿದ್ದರೆ, ಸಂಪರ್ಕ ಸಿಗಲು 10 ಸೆಕೆಂಡ್, ಓದಲು 10, ಬರೆಯಲು 10. ಅಂದರೆ ಅರ್ಧ ನಿಮಿಷದಲ್ಲಿ ಇತ್ಯರ್ಥ ಎಂದುಕೊಳ್ಳಬೇಡಿ. ಓದುವ 10 ಸೆಕೆಂಡ್ ಒಟ್ಟು ಸಮಯವಲ್ಲ, ಬರುವ ಡೇಟಾದ ಎರಡು ತುಣುಕುಗಳ ನಡುವಿನ ಅಂತರ. ಒಂಬತ್ತು ಸೆಕೆಂಡಿಗೊಮ್ಮೆ ಒಂದೇ ಒಂದು ಬೈಟ್ ತೊಟ್ಟಿಕ್ಕುತ್ತಿದ್ದರೂ ಗಡಿಯಾರ ಮತ್ತೆ ಸೊನ್ನೆಗೆ ಬರುತ್ತದೆ. ಇಡೀ ವ್ಯವಹಾರಕ್ಕೆ ಬೇರೆಯದೇ ಒಂದು ಮಿತಿ ಹಾಕಬಹುದು; ಆದರೆ ಅದು ತಾನಾಗಿ ಇರುವುದು ‘ಮಿತಿ ಇಲ್ಲ’ ಎಂದೇ. ಐಫೋನಿನ ಕಡೆ ತುಣುಕುಗಳ ನಡುವೆ 60 ಸೆಕೆಂಡ್ ಬಿಡುವು, ಇಡೀ ಕೆಲಸಕ್ಕೆ 7 ದಿನ. ಏಳು ದಿನ! ಕ್ಯುಪರ್ಟಿನೋದ ಆ್ಯಪಲ್‌ನವರು ಬಸಳೆ ಕಂಡವರಲ್ಲ.

ಕಂಪ್ಯೂಟರಿನ ಎದುರು ಕೂತವನಿಗೆ 0.1 ಸೆಕೆಂಡಿನೊಳಗೆ ಉತ್ತರ ಬಂದರೆ ಕೂಡಲೇ ಆದಂತೆ, 1 ಸೆಕೆಂಡ್ ಮೀರಿದರೆ ಯೋಚನೆಯ ಎಳೆ ತುಂಡಾದಂತೆ, 10 ಮೀರಿದರೆ ಮನಸ್ಸು ಬೇರೆಡೆಗೆ ಹೋದಂತೆ ಎಂದು ಬಳಕೆ ಸುಲಭತೆಯ ತಜ್ಞ ಜೇಕಬ್ ನೀಲ್ಸನ್ 1993ರಲ್ಲೇ ಬರೆದಿಟ್ಟಿದ್ದಾರೆ. ಆ್ಯಪ್ ವಿನ್ಯಾಸದ ಪಾಠದಲ್ಲೆಲ್ಲ ಇದನ್ನು ಓದಿಸುತ್ತಾರೆ. ಓದಿದವರು ಪರೀಕ್ಷೆ ಪಾಸಾಗಿ, 10 ಸೆಕೆಂಡ್ ಆದಮೇಲೂ ಬೇಜಾರಾಗದ ಹಾಗೆ ಚಕ್ರಕ್ಕೆ ಚಂದದ ಬಣ್ಣ ಹಚ್ಚುವ ಕೆಲಸಕ್ಕೆ ಸೇರುತ್ತಾರೆ.

ಅದಿರಲಿ. ಪೇಟೆಯ ಕಾಯುವಿಕೆ ಮಕ್ಕಳಾಟ. ಅಸಲಿ ಕಾಯುವಿಕೆ ನೋಡಬೇಕೆಂದರೆ ಪೇಟೆ ಬಿಟ್ಟು ಅಘನಾಶಿನಿಯ ಕಣಿವೆಯ ಕಡೆಗೆ ಇಳಿಯಬೇಕು. ಅಲ್ಲಿ ಮನೆಗಳಿರುವುದು ಅಡಿಕೆ ತೋಟದ ತಲೆಯಲ್ಲಿ, ತೋಟವಿರುವುದು ಎರಡು ಗುಡ್ಡಗಳ ಸಂದಿನಲ್ಲಿ, ಟವರ್ ಇರುವುದು ಗುಡ್ಡದಾಚೆಯ ಡಾಂಬರು ರಸ್ತೆಯಲ್ಲಿ. 700ರಿಂದ 900 ಮೆಗಾಹರ್ಟ್ಸ್‌ನ ಉದ್ದ ಅಲೆಗಳು ಗುಡ್ಡದ ಅಂಚಿನಲ್ಲಿ ಒಂದಿಷ್ಟು ಬಾಗಿ ಕೆಳಗಿಳಿಯುತ್ತವೆ. 1800, 2300ರ ಗಿಡ್ಡ ಅಲೆಗಳು ಅಷ್ಟು ಬಾಗುವುದಿಲ್ಲ, ಮಳೆಗಾಲದ ಒದ್ದೆ ಸೊಪ್ಪಿನ ನಡುವೆ ಇನ್ನಷ್ಟು ಸೊರಗುತ್ತವೆ. ಹಾಗಾಗಿ ಪ್ರತಿ ಮನೆಗೂ ಒಂದು ಟವರ್ ಸಿಗುವ ಜಾಗ ಗೊತ್ತಾಗಿರುತ್ತದೆ: ಕೊಟ್ಟಿಗೆಯ ಮೂಲೆ, ಇಲ್ಲವೇ ಧರೆಯ (ಕಡಿದಾದ ಮಣ್ಣಿನ ದಿಬ್ಬದ) ಮೇಲಿನ ಹಲಸಿನ ಬುಡ. ಅಲ್ಲಿ ಎರಡು ಕಡ್ಡಿ ಸಿಗ್ನಲ್. ಎರಡು ಹೆಜ್ಜೆ ಆಚೆ ಹೋದರೆ ಏನೂ ಇಲ್ಲ.

ಈಗ ಇದೇ ಮನೆಗೆ ಕಂಬದಿಂದ ಕಂಬಕ್ಕೆ, ಮರದಿಂದ ಮರಕ್ಕೆ ಜೋತುಬಿದ್ದು ಫೈಬರ್ ಕೇಬಲ್ ಬಂದಿದೆ. ಜಗುಲಿಯಲ್ಲಿ ವೈ-ಫೈ ಪೆಟ್ಟಿಗೆ ಮಿನುಗುತ್ತದೆ. ಯಕ್ಷಗಾನದ ವಿಡಿಯೋ ಎಲ್ಲೂ ತಡೆಯದೆ ಓಡುತ್ತದೆ, ಅಮೆರಿಕದ ಮೊಮ್ಮಗಳು ಹಲ್ಲು ಬಿದ್ದದ್ದನ್ನು ತೋರಿಸುತ್ತಾಳೆ. ಬ್ಯಾಂಕಿನ ಓಟಿಪಿ ಮಾತ್ರ ಬರುವುದಿಲ್ಲ, ಅದು ಎಸ್ಸೆಮ್ಮೆಸ್ಸು, ಅದಕ್ಕೆ ಸಾಮಾನ್ಯವಾಗಿ ಟವರೇ ಬೇಕು. ಆರು ಅಂಕಿಗಾಗಿ ಧರೆ ಹತ್ತಬೇಕು.

ಹತ್ತುವವರ ಕಥೆ ಹೀಗಿರುತ್ತದೆ. ಮನೆಯೊಳಗೆ ಆ್ಯಪ್ ತೆರೆದು, ‘ಓಟಿಪಿ ಕಳಿಸು’ ಒತ್ತಿ, ಕಾಲಿಗೆ ಚಪ್ಪಲಿ ಸಿಕ್ಕಿಸಿ ಓಟ. ಅರ್ಧ ದಾರಿಯಲ್ಲಿ ಫೋನು ಮನೆಯ ವೈ-ಫೈಯ ಕೊನೆಯ ಎಳೆಗೆ ನೇತಾಡುತ್ತಿರುತ್ತದೆ, ಮೊಬೈಲ್ ಡೇಟಾಕ್ಕೆ ಹಾರುವುದಿಲ್ಲ. ಮೇಲೆ ಮುಟ್ಟಿದಾಗ ಟಣ್ ಎಂದು ಓಟಿಪಿ ಬರುತ್ತದೆ. ಅದನ್ನು ಓದಲು ಮೆಸೇಜ್ ತೆರೆಯುತ್ತಾರೆ. ಫೋನಿನ ರ್‍ಯಾಮ್ 3 ಜಿಬಿ. ಹಿಂದೆ ಸರಿದ ಬ್ಯಾಂಕ್ ಆ್ಯಪನ್ನು ಆಂಡ್ರಾಯ್ಡ್ ಜಾಗ ಸಾಲದೆಂದು ಕೊಂದುಹಾಕುತ್ತದೆ. ಮರಳಿ ಬಂದರೆ ಮೊದಲ ಪುಟ, ‘ಸ್ವಾಗತ’ ಎಂಬ ನಗುಮುಖ. ಮತ್ತೆ ಓಟಿಪಿ ಕೇಳುತ್ತಾರೆ. ಬರಲಿಲ್ಲವೆಂದು ‘ರೀಸೆಂಡ್’ ಒತ್ತುತ್ತಾರೆ. ಇನ್ನೊಮ್ಮೆ ಒತ್ತುತ್ತಾರೆ. ಕೆಳಗಿನಿಂದ ‘ಬಂತಾ?’ ಎಂಬ ಕೂಗು.

ಬರುತ್ತದೆ, ಮೂರೂ ಬರುತ್ತದೆ. ಕೈಗೆ ಸಿಗದ ಫೋನಿನ ಸಂದೇಶಗಳನ್ನು ಕಂಪನಿಯ ಎಸ್ಸೆಮ್ಮೆಸ್ ಕೇಂದ್ರ ಇಟ್ಟುಕೊಂಡು, ತನಗೆ ತೋಚಿದ ಹೊತ್ತಿಗೆ ಮತ್ತೆ ಮತ್ತೆ ಕಳಿಸಿ ನೋಡುತ್ತದೆ. ಕೇಳಿದ ಕ್ರಮದಲ್ಲೇ ಮುಟ್ಟುತ್ತದೆಂಬ ಖಾತ್ರಿ ಇಲ್ಲ. ಸಾಮಾನ್ಯವಾಗಿ ನಡೆಯುವುದು ಕೊನೆಗೆ ಕೇಳಿದ ಓಟಿಪಿ ಮಾತ್ರ. ಇನ್‌ಬಾಕ್ಸಿನ ತುದಿಯಲ್ಲಿ ಕೂತಿರುವುದು ಕೊನೆಗೆ ಕೇಳಿದ್ದೇ ಎಂದು ಹೇಳುವಂತಿಲ್ಲ. ಮೂರು ಸಲ ತಪ್ಪಿದರೆ ಖಾತೆ ಬೀಗ. ಬೀಗ ತೆಗೆಯಲು ಓಟಿಪಿ.

ಇಲ್ಲಿ ಕೆಲವು ಉಪಾಯಗಳಿವೆ, ಯಾವ ಆ್ಯಪಿನ ಸಹಾಯ ಪುಟದಲ್ಲೂ ಸಿಗದವು. ಮೊದಲು ಧರೆ ಹತ್ತಿ, ವೈ-ಫೈ ಆರಿಸಿ, ಆಮೇಲೆ ಆ್ಯಪ್ ತೆರೆಯಿರಿ. ಓಟಿಪಿ ಬಂದಾಗ ಮೆಸೇಜಿಗೆ ಹೋಗಬೇಡಿ; ಪರದೆಯ ನೆತ್ತಿಯಿಂದ ನೋಟಿಫಿಕೇಶನ್ ಎಳೆದು ಅಲ್ಲೇ ಓದಿ, ಆ್ಯಪ್ ಜೀವಂತ ಉಳಿಯುವ ಸಂಭವ ಹೆಚ್ಚು. ರೀಸೆಂಡ್ ಒತ್ತುವ ಬೆರಳನ್ನು ಕಟ್ಟಿಹಾಕಿ. ಇದಕ್ಕಿಂತ ಒಳ್ಳೆಯದು ಸಿಮ್ ಸೆಟ್ಟಿಂಗ್ಸ್‌ನಲ್ಲಿ ‘ವೈ-ಫೈ ಕಾಲಿಂಗ್’ ಆನ್ ಮಾಡುವುದು. ಕಂಪನಿ ಮತ್ತು ಫೋನು ಎರಡೂ ಒಪ್ಪಿದರೆ ಕರೆಯೂ ಎಸ್ಸೆಮ್ಮೆಸ್ಸೂ ಫೈಬರ್ ಮೇಲೆಯೇ ಬರುತ್ತವೆ, ಧರೆಗೆ ರಜೆ. ಆದರೂ ಬರುತ್ತಿಲ್ಲ ಎನ್ನುವವರು ಒಂದು ಸಂಗತಿ ಗಮನಿಸಬೇಕು. ಎಷ್ಟೋ ಫೋನು ಸಡಿಲ ಟವರನ್ನೇ ಮೊದಲು ನೆಚ್ಚಿಕೊಳ್ಳುತ್ತವೆ. ಅರೆಜೀವದ ಒಂದು ಕಡ್ಡಿ ಕಂಡರೂ ಸಾಕು, ವೈ-ಫೈ ಕಡೆ ತಿರುಗುವುದಿಲ್ಲ. ಆಗ ಏರೋಪ್ಲೇನ್ ಮೋಡ್ ಹಾಕಿ, ಅದರ ಮೇಲೆ ವೈ-ಫೈ ಮಾತ್ರ ಹಚ್ಚಬೇಕು. ಒಂದು ಕಡ್ಡಿಗಿಂತ ಸೊನ್ನೆ ಕಡ್ಡಿ ಮೇಲು.

ಆಷಾಢದಲ್ಲಿ ಕರೆಂಟ್ ಹೋಗುತ್ತದೆ ಎಂದು ಬೇರೆ ಹೇಳಬೇಕೇ? ಜಗುಲಿಯ ಪೆಟ್ಟಿಗೆಗೆ ಮಿನಿ ಯುಪಿಎಸ್ ಸಿಗುತ್ತದೆ. ಪೆಟ್ಟಿಗೆಯ ಅಡಾಪ್ಟರ್ ಮೇಲೆ ಬರೆದ ವೋಲ್ಟ್ ನೋಡಿಯೇ ತರಬೇಕು. 12 ವೋಲ್ಟ್ ಸಾಮಾನ್ಯ, 9 ವೋಲ್ಟಿನವೂ ಇವೆ. 9ಕ್ಕೆ 12 ಸಿಕ್ಕಿಸಿದರೆ ಸುಟ್ಟ ವಾಸನೆ ಬಂದೀತು. ಆಂಪಿಯರ್ ಅಡಾಪ್ಟರಿನಷ್ಟೇ ಅಥವಾ ಹೆಚ್ಚು ಇರಲಿ. 10,000 ಎಂಎಎಚ್ ಎಂದು ಬರೆದದ್ದು ಒಳಗಿನ 3.7 ವೋಲ್ಟ್ ಸೆಲ್ಲಿನ ಲೆಕ್ಕ, ಅಂದರೆ 37 ವ್ಯಾಟ್-ಅವರ್. ಪೆಟ್ಟಿಗೆ 8 ವ್ಯಾಟ್ ಕುಡಿದರೆ, ಸೋರಿಕೆ ಕಳೆದು, ನಾಲ್ಕು ತಾಸಿಗೆ ಸ್ವಲ್ಪ ಕಡಿಮೆ. ಪೆಟ್ಟಿಗೆಯ ಎಲ್‌ಒಎಸ್ (ಸಿಗ್ನಲ್ ಕಡಿದಿದೆ) ಎಂಬ ದೀಪ ಕೆಂಪಾದರೆ ನಿಮ್ಮ ಯುಪಿಎಸ್ ತಪ್ಪಿಲ್ಲ: ಮರ ಬಿದ್ದು ಕೇಬಲ್ ತುಂಡಾಗಿದೆ, ಇಲ್ಲವೇ ಆಚೆ ತುದಿಯ ಯಂತ್ರದ ಬ್ಯಾಟರಿ ಮುಗಿದಿದೆ. ಧರೆ ಅಲ್ಲೇ ಇದೆ.

ಮಾತು ಎಲ್ಲಿಗೋ ಹೋಯಿತು. ಆ್ಯಪ್ ಬರೆಯುವವರಿಗೆ ತಿಳಿದಿರುವುದು ಎರಡೇ ಸ್ಥಿತಿ, ನೆಟ್ ಇದೆ ಅಥವಾ ಇಲ್ಲ. ಎರಡಕ್ಕೂ ಅವರ ಬಳಿ ಪುಟ ಇದೆ. ಉತ್ತರ ಕನ್ನಡ ಬದುಕುವುದು ಮೂರನೆಯದರಲ್ಲಿ: ಸಂಪರ್ಕ ಇದೆ, ನೆಟ್ ಓಡುವುದಿಲ್ಲ. ಇದನ್ನು ಪತ್ತೆಮಾಡುವ ದಾರಿ ಆಂಡ್ರಾಯ್ಡ್‌ನಲ್ಲಿಯೇ ಇದೆ. ಫೋನು ಗೂಗಲ್‌ನ ಒಂದು ಪುಟ್ಟ ವಿಳಾಸಕ್ಕೆ ಕೇಳಿಕೆ ಕಳಿಸಿ, 204 ಎಂಬ ಖಾಲಿ ಉತ್ತರ ಬಂದರೆ ಮಾತ್ರ ಈ ಸಂಪರ್ಕ ‘ವ್ಯಾಲಿಡೇಟೆಡ್’ ಎಂದು ಗುರುತು ಹಾಕುತ್ತದೆ. ಆದರೆ ಬಹಳಷ್ಟು ಆ್ಯಪ್‌ಗಳು ಆ ಗುರುತನ್ನು ನೋಡುವುದೇ ಇಲ್ಲ, ವೈ-ಫೈಗೆ ಜೋಡಿಸಿಕೊಂಡಿದೆಯೇ ಎಂದಷ್ಟೇ ಕೇಳಿ ಚಕ್ರ ಬಿಡುತ್ತವೆ.

ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ದಿನ ಬಿಡಕಿಬೈಲಿನಲ್ಲಿ ನಿಂತು ನೋಡಿ. ಕಡ್ಡಿ ನಾಲ್ಕಕ್ಕೆ ನಾಲ್ಕು, ತೊಟ್ಟಿಲ ಸಾಲಿನ ನಡುವೆ ಫೋಟೋ ಒಂದೂ ಹೋಗುವುದಿಲ್ಲ. ಕಡ್ಡಿ ಹೇಳುವುದು ಟವರಿನ ದನಿ ಎಷ್ಟು ಜೋರಾಗಿ ಕೇಳುತ್ತಿದೆ ಎಂದು. ನಿಮ್ಮ ದನಿ ಅದಕ್ಕೆ ಮುಟ್ಟುತ್ತಿದೆಯೇ ಎಂದಲ್ಲ. 4ಜಿಯಲ್ಲಿ ಮೊದಲ ಬಾರಿ ಮಾತಿಗೆ ಕೈಯೆತ್ತುವ ಫೋನು 64 ಸಂಕೇತಗಳಲ್ಲಿ ಒಂದನ್ನು ಆರಿಸಿ ಕೂಗಬೇಕು. ಇಬ್ಬರು ಒಂದೇ ಗಳಿಗೆಯಲ್ಲಿ ಒಂದೇ ಸಂಕೇತ ಕೂಗಿದರೆ ಡಿಕ್ಕಿ, ಸೋತವರು ತಡೆದು ಮತ್ತೆ ಕೂಗಬೇಕು. ಸಾವಿರಾರು ಜನ ಕೂಗುವಲ್ಲಿ ಎಸ್ಸೆಮ್ಮೆಸ್ಸು ಒಂದಿಷ್ಟು ಸಣ್ಣದಾದ್ದರಿಂದ ಹೇಗೋ ನುಸುಳುತ್ತದೆ. ಹಾಗಾಗಿ ಜಾತ್ರೆಯಲ್ಲಿ ಓಟಿಪಿ ಬರುತ್ತದೆ, ತುಂಬುವ ಪುಟ ಬರುವುದಿಲ್ಲ. ಕಣಿವೆಯದಕ್ಕೆ ತದ್ವಿರುದ್ಧ. ಕಾರವಾರದವರ ಗೋಳು ಬೇರೆ: ಮಾಜಾಳಿ ಕಡೆ ಹೋದಂತೆ ಫೋನು ಗೋವಾ ಟವರಿಗೆ ಹಾರುತ್ತದೆ. ಅದು ಬೇರೆ ಟೆಲಿಕಾಂ ವೃತ್ತ. ಕೆಲವು ಫೋನುಗಳಲ್ಲಿ ‘ಡೇಟಾ ರೋಮಿಂಗ್’ ಆಫ್ ಇದ್ದರೆ ಕಡ್ಡಿ ತುಂಬಿದ್ದರೂ ಡೇಟಾ ಬಂದ್. ಆನ್ ಮಾಡಿದರೆ ಸರಿಹೋಗುತ್ತದೆ. ಇದನ್ನು ಹೇಳಿಕೊಡುವ ಸೌಜನ್ಯ ಯಾವ ಆ್ಯಪಿಗೂ ಇಲ್ಲ.

ಬೆಂಗಳೂರಿನ ಎಸಿ ಕೋಣೆಯಲ್ಲಿ ಪರೀಕ್ಷೆ ಮಾಡುವವರಿಗೆ ಸಲಕರಣೆ ಇಲ್ಲವೆಂದಲ್ಲ. ಎಮ್ಯುಲೇಟರಿಗೆ (ಕಂಪ್ಯೂಟರಿನೊಳಗಿನ ನಕಲಿ ಫೋನಿಗೆ) ವೇಗ ತಗ್ಗಿಸುವ, ತಡ ಹೆಚ್ಚಿಸುವ ಆಯ್ಕೆಗಳಿವೆ. ಐಫೋನ್ ಬರೆಯುವವರ ಸಲಕರಣೆಯಲ್ಲಿ ‘ವೆರಿ ಬ್ಯಾಡ್ ನೆಟ್‌ವರ್ಕ್’ ಎಂಬ ಹೆಸರಿನದೇ ಒಂದಿದೆ. ಆಂಡ್ರಾಯ್ಡ್ ಫೋನಿನ ಡೆವಲಪರ್ ಆಯ್ಕೆಗಳಲ್ಲಿ ‘ಡೋಂಟ್ ಕೀಪ್ ಆ್ಯಕ್ಟಿವಿಟೀಸ್’ ಹಚ್ಚಿದರೆ, ಹೊರಹೋಗಿ ಬಂದ ಬಳಕೆದಾರನಿಗೆ ಆ್ಯಪ್ ಹಿಂದಿನ ಪುಟವನ್ನು ಉಳಿಸಿ ಕೊಡುತ್ತದೋ ಇಲ್ಲವೋ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಹಚ್ಚುವವರು ಬೇಕಲ್ಲ. ಹಾಗೆ ನೋಡಿದರೆ ಈ ಪರೀಕ್ಷೆಗಳ ಪಟ್ಟಿಗೆ ಇನ್ನೂ ಮೂರು ಸೇರಿಸಬೇಕು: ‘ಜಾತ್ರೆ’ (ಕಡ್ಡಿ ತುಂಬ, ಉತ್ತರ ಶೂನ್ಯ); ‘ದೇವಿಮನೆ ಘಟ್ಟ’ (ಪ್ರತಿ ತಿರುವಿಗೆ ಸಂಪರ್ಕ ಕಡಿದು ಮುಂದಿನ ತಿರುವಿಗೆ ಹೊಸ ವಿಳಾಸದೊಂದಿಗೆ ಜೋಡಣೆ); ‘ಆಷಾಢ’ (ಒಂಬತ್ತು ಸೆಕೆಂಡಿಗೆ ಒಂದು ಬೈಟ್).

ಪಾವತಿಯ ವಿಷಯದಲ್ಲಿ ಮಾತ್ರ ತಮಾಷೆ ಸಾಕು. ಚಕ್ರದ ನಡುವೆ ಆ್ಯಪ್ ಮುಚ್ಚಿದರೆ ಹೋದ ಹಣ ನಿಲ್ಲುವುದಿಲ್ಲ, ಹೋಗದ ಹಣ ಹೋಗುವುದೂ ಇಲ್ಲ. ಎರಡನೇ ಸಲ ಪಿನ್ ಒತ್ತುವ ಮೊದಲು ಹಿಸ್ಟರಿ ನೋಡಿ. ‘ಪೆಂಡಿಂಗ್’ ಇದ್ದರೆ ಕೈ ಕಟ್ಟಿಕೊಂಡಿರಿ. ಖಾತೆಯಿಂದ ಕಡಿತವಾಗಿ ಅಂಗಡಿಗೆ ಖಚಿತವಾಗದ ಹಣ ವಹಿವಾಟಿನ ದಿನದ ನಂತರ 5 ದಿನದೊಳಗೆ, ವ್ಯಕ್ತಿಗೆ ಕಳಿಸಿದ್ದಾದರೆ 1 ದಿನದೊಳಗೆ ತಾನಾಗಿ ಮರಳಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಎಂದು ರಿಸರ್ವ್ ಬ್ಯಾಂಕ್ 2019ರಲ್ಲಿ ಆದೇಶಿಸಿದೆ. ಆ್ಯಪ್ ಬರೆಯುವವರ ಪಾಲಿನ ಕೆಲಸವೂ ದೊಡ್ಡದಲ್ಲ. ಪ್ರತಿ ವ್ಯವಹಾರಕ್ಕೆ ಫೋನಿನಲ್ಲೇ ಒಂದು ಗುರುತು ಸಂಖ್ಯೆ ಹುಟ್ಟಿಸಿ, ಮರುಯತ್ನದಲ್ಲೂ ಅದನ್ನೇ ಕಳಿಸಿದರೆ ಸರ್ವರ್ ಎರಡನೆಯದನ್ನು ಹೊಸದೆಂದು ತಿಳಿಯುವುದಿಲ್ಲ. ಹಣವಲ್ಲದ ಕೆಲಸ, ಅರ್ಜಿಯೋ ಫೋಟೋವೋ, ಸರದಿಗೆ ಹಾಕಿ ಟವರ್ ಸಿಕ್ಕಾಗ ಕಳಿಸಲಿ. ಇಂಥ ಸರದಿ ನೋಡಿಕೊಳ್ಳುವ ಆಂಡ್ರಾಯ್ಡ್‌ನ ವರ್ಕ್‌ಮ್ಯಾನೇಜರ್ ಮೊದಲ ಸೋಲಿನ ನಂತರ 30 ಸೆಕೆಂಡ್ ಬಿಟ್ಟು, ಆಮೇಲೆ ದುಪ್ಪಟ್ಟು ದುಪ್ಪಟ್ಟಾಗಿ 5 ತಾಸಿನ ತನಕ ತಾಳ್ಮೆಯಿಂದ ಯತ್ನಿಸುತ್ತದೆ. ಬಳಕೆದಾರ ಅಷ್ಟರಲ್ಲಿ ಅಡಿಕೆ ಸುಲಿದುಕೊಂಡು ಕೂರಬಹುದು.

ಇದನ್ನೆಲ್ಲ ಮಾಡಲು ಅವರಿಗೆ ಪುರುಸೊತ್ತಿಲ್ಲ. ಪುರುಸೊತ್ತು ಇರುವುದು ‘ಅಯ್ಯೋ! ಏನೋ ತಪ್ಪಾಯಿತು’ ಎಂಬ ಪುಟಕ್ಕೆ. ಏನು ತಪ್ಪಾಯಿತೆಂದು ಅದು ಹೇಳುವುದಿಲ್ಲ. ಕಿತ್ತುಬಂದ ವೈರು ಹಿಡಿದ ಒಬ್ಬ ಗಗನಯಾತ್ರಿಯ ಚಿತ್ರ ಇರುತ್ತದೆ. ಆ ಚಿತ್ರವನ್ನೂ ಸರ್ವರಿನಿಂದಲೇ ತರಿಸುವ ಆ್ಯಪ್‌ಗಳಿವೆ, ನೆಟ್ ಇಲ್ಲದಾಗ ನೆಟ್ ಇಲ್ಲವೆಂಬ ಚಿತ್ರವೂ ಬರುವುದಿಲ್ಲ, ಬೂದು ಚೌಕವಷ್ಟೇ. ಅದರ ಕೆಳಗೆ ‘ನಿಮ್ಮ ಅಭಿಪ್ರಾಯ ತಿಳಿಸಿ’ ಎಂಬ ಬಟನ್. ಒತ್ತಿದರೆ ಮೊದಲು ಲಾಗಿನ್ ಆಗಿ ಎನ್ನುತ್ತದೆ, ಲಾಗಿನ್‌ಗೆ ಓಟಿಪಿ.