ಎಲ್‌ಇಡಿ ಬಲ್ಬ್ ಒಡೆದ್ರೆ ವಿಷ ಬರುತ್ತಾ? ಸತ್ಯಾಂಶ ಇಲ್ಲಿದೆ

"ಎಲ್‌ಇಡಿ ಬಲ್ಬ್ ಒಡೆದ್ರೆ ಪಾದರಸದ ವಿಷ ಹರಡುತ್ತೆ, ತಕ್ಷಣ ರೂಮ್ ಬಿಟ್ಟು ಓಡಿ" ಅಂತ ಒಂದು ಮೆಸೇಜ್ ವಾಟ್ಸಾಪಲ್ಲಿ ಓಡಾಡ್ತಿದೆ. ಇದು ತಪ್ಪು. ಪಾದರಸ ಇರೋದು ಸಿಎಫ್‌ಎಲ್‌ನಲ್ಲಿ, ಅಂದ್ರೆ ಸುರುಳಿ ಸುತ್ತಿದ ಗಾಜಿನ ಬಲ್ಬು, ಮತ್ತೆ ಹಳೇ ಟ್ಯೂಬ್‌ಲೈಟಲ್ಲಿ. ಅದೂ ಕೆಲವೇ ಮಿಲಿಗ್ರಾಂ, ಆದ್ರೂ ಅದು ಒಡೆದಾಗ ಮಕ್ಕಳನ್ನ ಹೊರಗೆ ಕಳಿಸಿ, ಕಿಟಕಿ ತೆಗೆದು ಸ್ವಲ್ಪ ಹೊತ್ತು ಗಾಳಿಯಾಡೋಕೆ ಬಿಡಿ, ಪೊರಕೆಯಲ್ಲಿ ಗುಡಿಸ್ಬೇಡಿ, ಗಟ್ಟಿ ಕಾಗದದಲ್ಲಿ ಬಳಿದು ತೆಗೀರಿ.

ಎಲ್‌ಇಡಿ ಕೆಲಸ ಮಾಡೋ ರೀತೀನೇ ಬೇರೆ. ಸರ್ಕಾರದ "ಹೊಸ ಬೆಳಕು" ಯೋಜನೆಯಲ್ಲಿ ಕೊಟ್ರಲ್ಲ 9 ವ್ಯಾಟ್ ಬಲ್ಬು, ಅಂಥದ್ದರ ಬಿಳಿ ಪ್ಲಾಸ್ಟಿಕ್ ಮುಚ್ಚಳ ತೆಗೆದು ನೋಡಿದ್ರೆ ಅಲ್ಯೂಮಿನಿಯಂ ತಟ್ಟೆ ಮೇಲೆ ಹಳದಿ ಚುಕ್ಕೆ ಥರ ಪುಟ್ಟ ಚಿಪ್‌ಗಳು ಕಾಣ್ತವೆ, ಚಿಪ್ಪಿಂದ ನೀಲಿ ಬೆಳಕು ಬರುತ್ತೆ, ಮೇಲಿನ ಹಳದಿ ಲೇಪನ ಅದನ್ನ ಬಿಳಿ ಮಾಡುತ್ತೆ, ಅಷ್ಟೇ. ಪಾದರಸಕ್ಕೆ ಅಲ್ಲಿ ಕೆಲಸವೇ ಇಲ್ಲ.

ಆದ್ರೆ ಒಡೆದ ಬಲ್ಬ್ ಹೋಲ್ಡರಲ್ಲೇ ಇದ್ರೆ ಶಾಕ್ ಹೊಡೀಬಹುದು, ಇದನ್ನ ಮಾತ್ರ ದಯವಿಟ್ಟು ನೆನಪಿಟ್ಕೊಳ್ಳಿ, ಮೊದ್ಲು ಮೇನ್ ಆಫ್ ಮಾಡಿ ಆಮೇಲೆ ಬಿಚ್ಚಿ. ಕೆಟ್ಟ ಬಲ್ಬನ್ನ ಹಸಿ ಕಸಕ್ಕೆ ಹಾಕ್ದೆ ಇ-ತ್ಯಾಜ್ಯಕ್ಕೆ ಕೊಡಿ.